ಥೇಮ್ಸ್ ಐರನ್‌ವರ್ಕ್ಸ್ ಫುಟ್‌ಬಾಲ್ ಕ್ಲಬ್

ಥೇಮ್ಸ್ ಐರನ್‌ವರ್ಕ್ಸ್ ಫುಟ್‌ಬಾಲ್ ಕ್ಲಬ್: ಲಂಡನ್ನಿನ ಪೂರ್ವದಂಚಿನಲ್ಲಿದ್ದ ಹಡಗು ಕಟ್ಟುವ ಕಾರ್ಖಾನೆಯೊಂದರ ನೌಕರರಿಗಾಗಿ 1895ರಲ್ಲಿ ಹುಟ್ಟಿದ ಹವ್ಯಾಸಿ ಕಾಲ್ಚೆಂಡಾಟದ ತಂಡ. ಐದೇ ವರ್ಷ ಬಾಳಿ 1900ರ ಜೂನ್‌ನಲ್ಲಿ ವಿಸರ್ಜನೆಗೊಂಡಿತು. ಮರುತಿಂಗಳು, ಜುಲೈ 5ರಂದು, ಅದೇ ಮೈದಾನದಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಎಂಬ ಹೆಸರಿನಿಂದ ಮತ್ತೆ ಹುಟ್ಟಿತು. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳಲ್ಲಿ ಒಂದಾದ ವೆಸ್ಟ್ ಹ್ಯಾಮ್‌ನ ಲಾಂಛನದಲ್ಲಿ ಇಂದೂ ಕಾಣುವ ಎರಡು ಅಡ್ಡಸುತ್ತಿಗೆಗಳು ಆ ಕಾರ್ಖಾನೆಯ ಕೆಲಸಗಾರರವು. ಕಾರ್ಖಾನೆ ಮುಚ್ಚಿ ನೂರು ವರ್ಷದ ಮೇಲಾಯಿತು.

ಈ ಐದು ವರ್ಷಗಳನ್ನು ದೊಡ್ಡ ಕ್ಲಬ್ಬಿನ ಬಾಲ್ಯವೆಂದು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಹಾಗೆ ಮಾಡಿದರೆ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಮುಷ್ಕರದ ಕಾಲದಲ್ಲಿ ಮಾಲೀಕನೊಬ್ಬ ತನ್ನ ಕೆಲಸಗಾರರಿಗೆ ಒಂದು ಆಟವನ್ನು ಕೊಟ್ಟ. ಕೆಲಸಗಾರರೂ ಅವರ ಊರೂ ಆ ಆಟವನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮದಾಗಿಸಿಕೊಂಡರು. ಥೇಮ್ಸ್ ಐರನ್‌ವರ್ಕ್ಸ್‌ನ ಚರಿತ್ರೆ ಎಂದರೆ ಇದೇ.

ಕಾರ್ಖಾನೆ ಮತ್ತು ಊರು

ಲೀ ನದಿ ಥೇಮ್ಸ್ ನದಿಯನ್ನು ಸೇರುವಲ್ಲಿ ಬೋ ಕ್ರೀಕ್ ಎಂಬ ಬಳುಕಿನ ಹೊಳೆಬಾಯಿ ಇದೆ. ಕಾರ್ಖಾನೆ ಇದ್ದದ್ದು ಅದರ ದಡದಲ್ಲಿ. 1837ರಲ್ಲಿ ಥಾಮಸ್ ಡಿಚ್‌ಬರ್ನ್ ಮತ್ತು ಚಾರ್ಲ್ಸ್ ಮೇರ್ ಎಂಬಿಬ್ಬರು ಕಬ್ಬಿಣದ ಹಡಗು ಕಟ್ಟಲು ತೊಡಗಿದ್ದೇ ಈ ಕಾರ್ಖಾನೆಯ ಮೂಲ. 1857ರಲ್ಲಿ ಅದಕ್ಕೆ ಥೇಮ್ಸ್ ಐರನ್‌ವರ್ಕ್ಸ್ ಎಂಬ ಹೆಸರು ಬಂತು. 1860ರ ಡಿಸೆಂಬರ್ 29ರಂದು ಇಲ್ಲಿಂದ ನೀರಿಗಿಳಿದ ವಾರಿಯರ್, ಮೈಯೆಲ್ಲ ಕಬ್ಬಿಣವೇ ಆಗಿದ್ದ ಬ್ರಿಟನ್ನಿನ ಮೊದಲ ಕವಚದ ಯುದ್ಧನೌಕೆ. ಚಳಿ ಎಷ್ಟಿತ್ತೆಂದರೆ ಹಡಗು ಜಾರುಹಾಸಿನ ಮೇಲೆಯೇ ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿತ್ತು. ಅದು ಈಗಲೂ ಪೋರ್ಟ್ಸ್‌ಮತ್ ಬಂದರಿನಲ್ಲಿ ತೇಲುತ್ತಿದೆ, ಹತ್ತಿ ನೋಡಬಹುದು. ಮುಂದೆ ಜಪಾನಿನ ನೌಕಾದಳಕ್ಕೆ ಫುಜಿ ಮತ್ತು ಶಿಕಿಶಿಮಾ ಎಂಬ ಭಾರಿ ಯುದ್ಧನೌಕೆಗಳನ್ನು ಕಟ್ಟಿಕೊಟ್ಟದ್ದೂ ಇದೇ ಕಾರ್ಖಾನೆ.

ಕಬ್ಬಿಣದ ಹಡಗೆಂದರೆ ಲಕ್ಷಾಂತರ ರಿವೆಟ್ಟುಗಳ ಹೊಲಿಗೆ. ಬೆಸುಗೆಯ ವಿದ್ಯೆ ಇನ್ನೂ ಬಂದಿರಲಿಲ್ಲ. ಒಬ್ಬ ಹುಡುಗ ಸಣ್ಣ ಕುಲುಮೆಯಲ್ಲಿ ರಿವೆಟ್ಟನ್ನು ಕೆಂಡದಂತೆ ಕಾಯಿಸುತ್ತಿದ್ದ, ಇನ್ನೊಬ್ಬ ಅದನ್ನು ಇಕ್ಕಳದಲ್ಲಿ ಹಿಡಿದು ಎರಡು ತಗಡುಗಳ ತೂತಿಗೆ ಸೇರಿಸುತ್ತಿದ್ದ. ಒಳಗಡೆ ಒಬ್ಬ ಭಾರದ ಸುತ್ತಿಗೆಯನ್ನು ಅದರ ತಲೆಗೆ ಒತ್ತಿ ಹಿಡಿದಿರುತ್ತಿದ್ದ. ಹೊರಗೆ ಎದುರುಬದುರು ನಿಂತ ಇಬ್ಬರು, ಒಬ್ಬನದು ಬಲಗೈ, ಇನ್ನೊಬ್ಬನದು ಎಡಗೈ, ಒಂದರ ಹಿಂದೊಂದು ಏಟು ಹಾಕಿ ರಿವೆಟ್ಟಿನ ತುದಿಯನ್ನು ಚಪ್ಪಟೆ ಮಾಡುತ್ತಿದ್ದರು. ಆರುವುದರೊಳಗೆ ಮುಗಿಯಬೇಕು, ಒಬ್ಬನ ತಾಳ ತಪ್ಪಿದರೆ ಎಲ್ಲರ ಕೆಲಸವೂ ಕೆಟ್ಟಿತು. ದಿನವಿಡೀ ಮಾಡಿದ ಈ ಕೆಲಸ ತೋಳಿಗೂ ಕಿವಿಗೂ ಏನು ಮಾಡುತ್ತದೆಂಬುದನ್ನು ಊಹಿಸಿಕೊಳ್ಳಬಹುದು. ಕ್ಲಬ್ಬಿನ ಲಾಂಛನದಲ್ಲಿ ಸುತ್ತಿಗೆ ಒಂದಲ್ಲ, ಎರಡಿರುವುದನ್ನು ನೋಡಿದಾಗ ಈ ಜೋಡಿ ನೆನಪಾಗದೆ ಇರದು.

ಕಾರ್ಖಾನೆಯ ಸುತ್ತ ಬೆಳೆದ ಊರು ವೆಸ್ಟ್ ಹ್ಯಾಮ್. 1844ರ ಕಟ್ಟಡ ಕಾಯಿದೆ ಲಂಡನ್ನಿನೊಳಗೆ ನಾರುವ, ಹೊಗೆಯುಗುಳುವ ಉದ್ಯಮಗಳಿಗೆ ಕಡಿವಾಣ ಹಾಕಿತ್ತು. ಆ ಕಾಯಿದೆಯ ಗಡಿ ಲೀ ನದಿ. ಹೊಳೆ ದಾಟಿದರೆ ಎಸೆಕ್ಸ್ ಸೀಮೆ, ಅಲ್ಲಿ ಕೇಳುವವರಿಲ್ಲ. ಗೊಬ್ಬರ, ಸಾಬೂನು, ರಾಸಾಯನಿಕ, ಅನಿಲ, ಎಲ್ಲ ಕಾರ್ಖಾನೆಗಳೂ ಹೊಳೆಯಾಚೆಗೆ ನಡೆದವು. 1851ರಲ್ಲಿ ಸುಮಾರು 19 ಸಾವಿರವಿದ್ದ ವೆಸ್ಟ್ ಹ್ಯಾಮ್‌ನ ಜನಸಂಖ್ಯೆ 1901ಕ್ಕೆ 2 ಲಕ್ಷ 67 ಸಾವಿರವಾಯಿತು. ಚರಂಡಿ, ಕುಡಿಯುವ ನೀರು, ಗಟ್ಟಿ ನೆಲ ಯಾವುದೂ ಇಲ್ಲದ ಜವುಗಿನಲ್ಲಿ ಎದ್ದ ಮನೆಗಳ ದುರವಸ್ಥೆಯನ್ನು ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ವಾರಪತ್ರಿಕೆ 1857ರಲ್ಲೇ ಬಯಲಿಗೆಳೆದಿತ್ತು.

ಇಂಥ ಕಡೆ ಕೆಲಸಗಾರರು ಬಹುಕಾಲ ಸುಮ್ಮನಿರುವುದಿಲ್ಲ. 1889ರಲ್ಲಿ ಬೆಕ್ಟನ್ ಅನಿಲ ಕಾರ್ಖಾನೆಯ ವಿಲ್ ಥೋರ್ನ್ ಸಂಘ ಕಟ್ಟಿ ಎಂಟು ಗಂಟೆಯ ಪಾಳಿಯನ್ನು ಗೆದ್ದುಕೊಟ್ಟ. ಅದೇ ವರ್ಷ ಲಂಡನ್ ಬಂದರಿನ ಹಮಾಲರ ದೊಡ್ಡ ಮುಷ್ಕರ ನಡೆಯಿತು. 1892ರಲ್ಲಿ ವೆಸ್ಟ್ ಹ್ಯಾಮ್ ದಕ್ಷಿಣ ಕ್ಷೇತ್ರ ಗಣಿಕಾರ್ಮಿಕ ಕೀರ್ ಹಾರ್ಡಿಯನ್ನು ಪಾರ್ಲಿಮೆಂಟಿಗೆ ಕಳುಹಿಸಿತು. ಥೇಮ್ಸ್ ಐರನ್‌ವರ್ಕ್ಸ್‌ನೊಳಗೂ 1889ರಿಂದ ಆಚೆಗೆ ಒಂದಾದ ಮೇಲೊಂದು ಮುಷ್ಕರ. ಮುಷ್ಕರ ನಿರತರ ಜಾಗಕ್ಕೆ ಹೊರಗಿನವರನ್ನು ತಂದಾಗ ಮಾಲೀಕನ ಮೇಲೆ ಕಾರ್ಮಿಕರಿಗೆ ಹುಟ್ಟಿದ ಸಿಟ್ಟು ಬೇಗ ತಣಿಯುವಂಥದಾಗಿರಲಿಲ್ಲ.

ಆರ್ನಲ್ಡ್ ಹಿಲ್ಸ್

ಆ ಮಾಲೀಕ ಆರ್ನಲ್ಡ್ ಫ್ರಾಂಕ್ ಹಿಲ್ಸ್ (1857-1927). ರಾಸಾಯನಿಕ ಉದ್ಯಮದಲ್ಲಿ ಹಣ ಮಾಡಿದ ತಂದೆಯ ಮಗ. ಹ್ಯಾರೋ ಶಾಲೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. ಒಂದು ಮೈಲಿ ಓಟದಲ್ಲಿ 1878ರ ಇಂಗ್ಲಿಷ್ ಚಾಂಪಿಯನ್. 1877ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಆಕ್ಸ್‌ಫರ್ಡ್ ಪರವಾಗಿ ಆಡಿ ವಾಂಡರರ್ಸ್ ತಂಡಕ್ಕೆ ಸೋತವನು, 1879ರಲ್ಲಿ ಸ್ಕಾಟ್ಲೆಂಡಿನ ವಿರುದ್ಧ ಇಂಗ್ಲೆಂಡಿಗಾಗಿ ಆಡಿದವನು. 1880ರಲ್ಲಿ, 23ನೆಯ ವಯಸ್ಸಿಗೆ, ಕಾರ್ಖಾನೆಯ ಆಡಳಿತ ಮಂಡಳಿಗೆ ಬಂದ. ಆಮೇಲೆ ಅವನು ಮಾಡಿದ್ದು ಅವನ ವರ್ಗದವರು ಸಾಮಾನ್ಯವಾಗಿ ಮಾಡದ ಕೆಲಸ: ಐದು ವರ್ಷ ಕಾರ್ಖಾನೆಯ ಪಕ್ಕದ ಕ್ಯಾನಿಂಗ್ ಟೌನ್‌ನಲ್ಲಿ, ಕಾರ್ಮಿಕರ ಕೇರಿಯ ಪುಟ್ಟ ಮನೆಯಲ್ಲಿ, ವಾಸವಿದ್ದ. ಅಲ್ಲಿನ ಜನರ ಬದುಕಿನಲ್ಲಿ ದುಡಿತ ಮತ್ತು ಹೆಂಡದಂಗಡಿ ಬಿಟ್ಟರೆ ಬೇರೇನೂ ಇಲ್ಲವೆಂಬುದು ಅವನನ್ನು ಕಾಡಿತು.

ಭಾರತೀಯ ಓದುಗರಿಗೆ ಹಿಲ್ಸ್ ಅಪರಿಚಿತನಲ್ಲ, ಹೆಸರು ಮರೆತಿರಬಹುದು ಅಷ್ಟೆ. ಲಂಡನ್ ಸಸ್ಯಾಹಾರಿ ಸಂಘದ ಅಧ್ಯಕ್ಷನಾಗಿದ್ದವನು ಇವನೇ. ಬ್ಯಾರಿಸ್ಟರ್ ಓದಲು 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಆ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ಡಾಕ್ಟರ್ ಆಲಿನ್‌ಸನ್ ಎಂಬ ಸದಸ್ಯರು ಸಂತಾನ ನಿಯಂತ್ರಣವನ್ನು ಬೆಂಬಲಿಸಿದ್ದಕ್ಕೆ ಅವರನ್ನು ಸಂಘದಿಂದ ತೆಗೆದುಹಾಕಬೇಕೆಂದು 1891ರಲ್ಲಿ ಹಿಲ್ಸ್ ಹಟ ಹಿಡಿದ. ಗಾಂಧಿಗೂ ಆಲಿನ್‌ಸನ್ನರ ಅಭಿಪ್ರಾಯ ಒಪ್ಪಿಗೆಯಿರಲಿಲ್ಲ. ಆದರೆ ಸಂಘದ ಕೆಲಸ ಸಸ್ಯಾಹಾರದ ಪ್ರಚಾರ, ಸದಸ್ಯರ ಇತರ ನಂಬಿಕೆಗಳ ವಿಚಾರಣೆ ಅಲ್ಲ ಎಂದು ಅವರು ವಾದ ಬರೆದುಕೊಂಡು ಸಭೆಗೆ ಹೋದರು. ಎದ್ದು ನಿಂತು ಓದಲು ನಾಚಿಕೆ ಬಿಡಲಿಲ್ಲ, ಇನ್ನೊಬ್ಬರು ಓದಿದರು. ಆಲಿನ್‌ಸನ್ ಸೋತರು. ಹಿಲ್ಸ್ ಥೇಮ್ಸ್ ಐರನ್‌ವರ್ಕ್ಸ್‌ನ ಒಡೆಯ, ಕಟ್ಟಾ ನೀತಿವಾದಿ, ಸಂಘ ನಡೆಯುತ್ತಿದ್ದುದೇ ಅವನ ಹಣದಿಂದ ಎಂದು ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾಲ್ಚೆಂಡಾಟದ ಚರಿತ್ರೆಗೂ ಈ ಮಾತು ಅಕ್ಷರಶಃ ಹೊಂದುತ್ತದೆ. ಹಣ ಕೊಡುವುದರಲ್ಲಿ ಹಿಲ್ಸ್ ಉದಾರಿ. ಆದರೆ ಹಣದ ಜೊತೆಗೆ ಅವನ ನೀತಿಯೂ ಬರುತ್ತಿತ್ತು. ಮಾಂಸ, ಮದ್ಯ, ಹೊಗೆಬತ್ತಿ ಮೂರನ್ನೂ ದೂರವಿಟ್ಟಿದ್ದ ಅವನಿಗೆ ಹಣಕ್ಕಾಗಿ ಆಡುವುದೂ ಅದೇ ಸಾಲಿನ ದೋಷ.

ಮುಷ್ಕರಗಳ ಬಳಿಕ ಹಿಲ್ಸ್ ಸಂಬಂಧ ಸರಿಪಡಿಸಲು ಹೊರಟ. 1892ರಲ್ಲಿ ಲಾಭದಲ್ಲಿ ಪಾಲು ಕೊಡುವ ಏರ್ಪಾಡು, 1894ರಲ್ಲಿ ಎಂಟು ಗಂಟೆಯ ದಿನ. ಬೇರೆ ಹಡಗುಕಟ್ಟೆಗಳು ಆಗಿನ್ನೂ ಒಂಬತ್ತು ಗಂಟೆಗೆ ಅಂಟಿಕೊಂಡಿದ್ದವು. 1895ರ ಜನವರಿಯಲ್ಲಿ ಕಾರ್ಖಾನೆಯದೇ ಪತ್ರಿಕೆ, ಥೇಮ್ಸ್ ಐರನ್‌ವರ್ಕ್ಸ್ ಗೆಜೆಟ್, ಹೊರಬಂತು. ಪಾನನಿರೋಧ ಸಂಘ, ವಾದ್ಯಮೇಳ, ಗೀತನಾಟಕ ಮಂಡಳಿ, ಸೈಕಲ್ ಕ್ಲಬ್, ಕ್ರಿಕೆಟ್, ದೋಣಿ ಸ್ಪರ್ಧೆ, ಒಂದೊಂದಾಗಿ ಹುಟ್ಟಿಕೊಂಡವು. ಇವನ್ನೆಲ್ಲ ಸಂಘಟನೆಯನ್ನು ಮುರಿಯುವ ಉಪಾಯವೆಂದು ಹೇಳುವವರಿದ್ದಾರೆ, ಹಿಲ್ಸ್‌ನ ಮನಸ್ಸಿನಲ್ಲಿ ಆ ಲೆಕ್ಕವೂ ಇದ್ದಿರಬೇಕು. ಆದರೆ ಐದು ವರ್ಷ ಆ ಕೇರಿಯಲ್ಲಿ ಮಲಗೆದ್ದವನ ಕಳಕಳಿಯನ್ನು ಬರಿಯ ಉಪಾಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹುಟ್ಟು ಮತ್ತು ಮೊದಲ ಋತು

ಕಾಲ್ಚೆಂಡಾಟದ ಕ್ಲಬ್ಬಿನ ವಿಚಾರ ಎತ್ತಿದವನು ಡೇವ್ ಟೇಲರ್. ಕಾರ್ಖಾನೆಯಲ್ಲಿ ಮೇಸ್ತ್ರಿ, ಬಿಡುವಿನಲ್ಲಿ ಸ್ಥಳೀಯ ಪಂದ್ಯಗಳ ರೆಫರಿ. 1895ರ ಜೂನ್‌ನ ಗೆಜೆಟ್‌ನಲ್ಲಿ ಪ್ರಕಟಣೆ ಬಂದಾಗ ಸುಮಾರು 50 ಜನ ಎರಡೂವರೆ ಶಿಲಿಂಗ್ ಚಂದಾ ಕೊಟ್ಟು ಹೆಸರು ಬರೆಸಿದರು. ಟೇಲರ್ ಋತುವಿನ ಪಂದ್ಯಗಳನ್ನು ಗೊತ್ತುಮಾಡಿಕೊಟ್ಟು ತನ್ನ ರೆಫರಿ ಕೆಲಸಕ್ಕೆ ಮರಳಿದ. ಕ್ಲಬ್ಬಿನ ಕಥೆಯಲ್ಲಿ ಮುಂದೆ ಅವನ ಹೆಸರು ಬರುವುದಿಲ್ಲ. ಕಾರ್ಖಾನೆ ತಂಡಗಳ ಹಿಂದೆಲ್ಲ ಇಂಥ ಒಬ್ಬ ಮೇಸ್ತ್ರಿ ಇರುತ್ತಾನೆ.

ಆಡಲು ನೆಲ ಸಿಕ್ಕಿದ್ದು ಇನ್ನೊಂದು ಕಂಪನಿ ತಂಡದ ಸಾವಿನಿಂದ. ಕ್ಯಾಸಲ್ ಹಡಗು ಕಂಪನಿಯ ನೌಕರರ ಓಲ್ಡ್ ಕ್ಯಾಸಲ್ ಸ್ವಿಫ್ಟ್ಸ್ ತಂಡ ಆ ವರ್ಷವೇ ಮುಚ್ಚಿತ್ತು. ಹರ್ಮಿಟ್ ರಸ್ತೆಯಲ್ಲಿದ್ದ ಅದರ ಮೈದಾನದ ಗುತ್ತಿಗೆ ಥೇಮ್ಸ್ ತಂಡಕ್ಕೆ ಬಂತು, ಕೆಲವು ಆಟಗಾರರೂ ಬಂದರು.

ಆಟಗಾರರ ಕಸುಬು ನೋಡಿದರೆ ತಂಡದ ಸ್ವರೂಪ ತಿಳಿಯುತ್ತದೆ. ವಾಲ್ಟರ್ ಪಾರ್ಕ್ಸ್ ಗುಮಾಸ್ತ, ಥಾಮಸ್ ಫ್ರೀಮನ್ ಹಡಗಿನ ಕುಲುಮೆಗೆ ಕಲ್ಲಿದ್ದಲು ತುಂಬುವವನು, ವಾಲ್ಟರ್ ಟ್ರ್ಯಾಂಟರ್ ಮತ್ತು ಜೇಮ್ಸ್ ಲಿಂಡ್ಸೆ ಬಾಯ್ಲರ್ ಕೆಲಸದವರು, ಚಾರ್ಲಿ ಡವ್ ರಿವೆಟ್ ಕೆಲಸ ಕಲಿಯುತ್ತಿದ್ದ ಅಪ್ರೆಂಟಿಸ್ ಹುಡುಗ. ಈ ಡವ್ ಮುಂದೆ ಗೋಲ್‌ಕೀಪರ್ ಜಾಗವೂ ಸೇರಿ ಮೈದಾನದ ಎಲ್ಲ ಸ್ಥಾನಗಳಲ್ಲೂ ಆಡಿದ. ನಾಯಕ ರಾಬರ್ಟ್ ಸ್ಟೀವನ್‌ಸನ್ ಮಾತ್ರ ಹೆಸರಾಂತ ತಂಡದಲ್ಲಿ ಆಡಿ ಪಳಗಿದವನು, ವುಲಿಚ್ ಆರ್ಸೆನಲ್‌ನಿಂದ ಬಂದವನು. ಮಂಗಳವಾರ, ಗುರುವಾರ ರಾತ್ರಿ ಬಾರ್ಕಿಂಗ್ ರಸ್ತೆಯ ಟ್ರಿನಿಟಿ ಚರ್ಚ್ ಶಾಲೆಯ ಕೊಠಡಿಯಲ್ಲಿ ಗ್ಯಾಸ್ ದೀಪದ ಕೆಳಗೆ ಕಸರತ್ತು. ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಪಂದ್ಯ. ಇಂಗ್ಲೆಂಡಿನಲ್ಲಿ ಕಾಲ್ಚೆಂಡಾಟ ಕಾರ್ಮಿಕರ ಆಟವಾದದ್ದು ಈ ಶನಿವಾರದ ಅರ್ಧ ರಜೆಯಿಂದಲೇ. ಅಂಗಿಯ ಬಣ್ಣ ಕಡುನೀಲಿ, ಹಿಲ್ಸ್ ಓದಿದ ಆಕ್ಸ್‌ಫರ್ಡಿನದು.

1895ರ ಸೆಪ್ಟೆಂಬರ್ 7ರಂದು ಹರ್ಮಿಟ್ ರಸ್ತೆಯಲ್ಲಿ ರಾಯಲ್ ಆರ್ಡ್‌ನೆನ್ಸ್ ರಿಸರ್ವ್ಸ್ ಎದುರು ಮೊದಲ ಪಂದ್ಯ: 1-1ರ ಸಮ. ಹುಟ್ಟಿ ಕೆಲವೇ ವಾರಗಳಾಗಿದ್ದರೂ ಎಫ್‌ಎ ಕಪ್‌ಗೆ ಹೆಸರು ಕೊಟ್ಟರು. ಹರ್ಮಿಟ್ ರಸ್ತೆಯ ಮೈದಾನ ಕಪ್ ಪಂದ್ಯಕ್ಕೆ ಯೋಗ್ಯವಲ್ಲವೆಂದು ಎದುರಾಳಿಯ ಊರಾದ ಚಾಟಮ್‌ಗೆ ಹೋಗಿ ಆಡಬೇಕಾಯಿತು, 0-5ರಿಂದ ಸೋತು ಬಂದರು. ಆದರೆ ಋತು ಮುಗಿಯುವಾಗ ವೆಸ್ಟ್ ಹ್ಯಾಮ್ ಚಾರಿಟಿ ಕಪ್ ಅವರ ಕೈಯಲ್ಲಿತ್ತು. ಅಂತಿಮ ಪಂದ್ಯ ಬಾರ್ಕಿಂಗ್ ತಂಡದೊಡನೆ ಎರಡು ಸಲ ಸಮವಾಗಿ, ಮೂರನೆಯ ಸಲ ಒಂದೇ ಗೋಲಿನಲ್ಲಿ ತೀರ್ಮಾನವಾಯಿತು.

ಆ ಋತುವಿನ ನಿಜವಾದ ಸಾಹಸ ಬೇರೆ ಇದೆ. ಚಳಿಗಾಲದಲ್ಲಿ ಲಂಡನ್ನಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ವಾರದ ನಡುವೆ ಆಡಬೇಕೆಂದರೆ ಬೆಳಕಿಲ್ಲ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ನರಿದ್ದರು, ಡೈನಮೋ ಇತ್ತು, ತಂತಿ ಇತ್ತು. ಮೈದಾನದ ಸುತ್ತ ಕಂಬ ನೆಟ್ಟು ವಿದ್ಯುದ್ದೀಪ ಕಟ್ಟಿ ಹೊನಲು ಬೆಳಕಿನಲ್ಲಿ ಪಂದ್ಯ ಆಡಿಸಿಯೇಬಿಟ್ಟರು. ಮಣ್ಣುಬಣ್ಣದ ತೊಗಲಿನ ಚೆಂಡು ಆ ಬೆಳಕಿಗೆ ಕಾಣದು. ಅದಕ್ಕೆ ಸುಣ್ಣದ ನೀರಿನ ಬಕೆಟ್ ಇಟ್ಟುಕೊಂಡು, ಚೆಂಡು ಮಂಕಾದಂತೆಲ್ಲ ಅದ್ದಿ ಅದ್ದಿ ತೆಗೆದು ಆಟ ಮುಂದುವರಿಸಿದರು. 1896ರಲ್ಲಿ ವುಲಿಚ್ ಆರ್ಸೆನಲ್, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ನಂಥ ವೃತ್ತಿಪರ ತಂಡಗಳೇ ಈ ಬೆಳಕಿನಲ್ಲಿ ಆಡಲು ಬಂದವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹೊನಲು ಬೆಳಕಿನ ಪಂದ್ಯಗಳನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು. ಕಾರ್ಖಾನೆಯ ತಂಡಕ್ಕೆ ಮಾತ್ರ ಸಾಧ್ಯವಾಗುವ ಕೆಲಸ ಇದು. ತಮ್ಮ ಕೈಗೆ ಗೊತ್ತಿದ್ದ ವಿದ್ಯೆಯನ್ನೇ ಅವರು ಆಟಕ್ಕೆ ತಂದರು.

ಅಲೆದಾಟ, ಮೈದಾನ, ದುರಂತ

1896ರಲ್ಲಿ ತಂಡ ಹೊಸದಾಗಿ ಆರಂಭವಾದ ಲಂಡನ್ ಲೀಗ್ ಸೇರಿತು. ಅಕ್ಟೋಬರಿನಲ್ಲಿ ಹರ್ಮಿಟ್ ರಸ್ತೆಯಿಂದ ಎಬ್ಬಿಸಿದರು. ಬೇಲಿ ಕಟ್ಟಿ ಪ್ರವೇಶ ಶುಲ್ಕ ವಸೂಲು ಮಾಡಿದ್ದು ಗುತ್ತಿಗೆಯ ಷರತ್ತಿಗೆ ವಿರುದ್ಧವೆಂಬುದು ತಕರಾರು. ಈಸ್ಟ್ ಹ್ಯಾಮ್‌ನ ಬ್ರೌನಿಂಗ್ ರಸ್ತೆಗೆ ಹೋದರು. ಆ ಊರು ಇವರನ್ನು ತನ್ನವರೆಂದು ಬಗೆಯಲಿಲ್ಲ. ಅಷ್ಟಿದ್ದೂ ಲೀಗಿನಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ಸೈನಿಕರ ತಂಡದ ಹಿಂದೆ ಎರಡನೆಯ ಸ್ಥಾನ.

ಮೈದಾನದ ಕೊರತೆ ಹಿಲ್ಸ್‌ನನ್ನು ಮುಟ್ಟಿತು. ಪ್ಲೇಸ್ಟೋದಲ್ಲಿ ನೆಲ ಕೊಂಡು ಸುಮಾರು 20,000 ಪೌಂಡ್ ಖರ್ಚು ಮಾಡಿ ಮೆಮೋರಿಯಲ್ ಗ್ರೌಂಡ್ಸ್ ಕಟ್ಟಿಸಿದ. ಸೈಕಲ್ ಪಥ, ಓಟದ ಪಥ, ಟೆನಿಸ್ ಅಂಗಳ, ಈಜುಕೊಳ ಎಲ್ಲ ಇದ್ದ ಭಾರಿ ಕ್ರೀಡಾಂಗಣ. ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 60 ವರ್ಷ ತುಂಬಿದ ಹಬ್ಬದ ದಿನ, 1897ರ ಜೂನ್ 22ರಂದು, ಅದರ ಬಾಗಿಲು ತೆರೆಯಿತು. ಜನ ಬಂದುಹೋಗಲು ಹತ್ತಿರದಲ್ಲೇ ರೈಲು ನಿಲ್ದಾಣ ಬೇಕೆಂದು ಹಿಲ್ಸ್ ರೈಲ್ವೆ ಕಂಪನಿಯೊಡನೆ ಮಾತಾಡಿದ. 1901ರಲ್ಲಿ ತೆರೆದ ಆ ನಿಲ್ದಾಣವೇ ಇಂದಿನ ವೆಸ್ಟ್ ಹ್ಯಾಮ್ ನಿಲ್ದಾಣ.

ಹೊಸ ಮೈದಾನದ ಮೊದಲ ಋತುವಿನಲ್ಲೇ, 1897-98ರಲ್ಲಿ, ತಂಡ ಬ್ರೆಂಟ್‌ಫರ್ಡನ್ನು ಒಂದೇ ಅಂಕದಿಂದ ಹಿಂದಿಕ್ಕಿ ಲಂಡನ್ ಲೀಗ್ ಗೆದ್ದಿತು. ದೇಶದ ಕಾರ್ಖಾನೆಗಳಲ್ಲಿ ಆ ಚಳಿಗಾಲ ಸುಖದ್ದಾಗಿರಲಿಲ್ಲ. ಎಂಟು ಗಂಟೆಯ ದಿನಕ್ಕಾಗಿ ಎಂಜಿನಿಯರಿಂಗ್ ಕಾರ್ಮಿಕರು ಕೇಳಿದಾಗ ಮಾಲೀಕರ ಒಕ್ಕೂಟ 1897ರ ಜುಲೈಯಲ್ಲಿ ದೇಶದಾದ್ಯಂತ ಬೀಗಮುದ್ರೆ ಹಾಕಿತ್ತು, 1898ರ ಜನವರಿಯವರೆಗೂ ಅದು ತೆರೆಯಲಿಲ್ಲ. ಹಿಲ್ಸ್ ಮೂರು ವರ್ಷ ಹಿಂದೆಯೇ ಕೊಟ್ಟಿದ್ದನ್ನು ಉಳಿದವರು ಅಷ್ಟು ಹಟದಿಂದ ನಿರಾಕರಿಸಿದರು.

ಗೆಲುವಿನ ಸಂತೋಷ ಎರಡು ತಿಂಗಳೂ ಉಳಿಯಲಿಲ್ಲ. 1898ರ ಜೂನ್ 21ರಂದು ಆಲ್ಬಿಯನ್ ಎಂಬ ಯುದ್ಧನೌಕೆಯನ್ನು ನೀರಿಗಿಳಿಸುವ ಸಮಾರಂಭ. ರಾಜಮನೆತನದ ಯಾರ್ಕ್ ಡಚೆಸ್ ಬಂದಿದ್ದರು, ಶಾಲೆಗಳಿಗೆ ರಜೆ, ಹೆಂಡತಿ ಮಕ್ಕಳೊಡನೆ ಊರಿಗೆ ಊರೇ ಹೊಳೆಬಾಯಿಗೆ ಬಂದಿತ್ತು. ಪಕ್ಕದ ಹಡಗಿನ ಕೆಲಸಕ್ಕೆಂದು ಕಟ್ಟಿದ್ದ ಮರದ ಅಟ್ಟಣೆ ಅಪಾಯವೆಂದು ಫಲಕ ಹಾಕಿದ್ದರೂ ಚೆನ್ನಾಗಿ ಕಾಣುತ್ತದೆಂದು ಸುಮಾರು 200 ಜನ ಹತ್ತಿ ನಿಂತರು. ಹಡಗು ಜಾರಿ ನೀರಿಗೆ ಬಿದ್ದಾಗ ಕಿರಿದಾದ ಕ್ರೀಕಿನಲ್ಲಿ ಎದ್ದ ಅಲೆ ಆ ಅಟ್ಟಣೆಯನ್ನು ಮುರಿದುಹಾಕಿತು. ಜನರ ಜಯಕಾರದ ಸದ್ದಿನಲ್ಲಿ ಮುಳುಗುತ್ತಿದ್ದವರ ಕೂಗು ಕೇಳಿಸಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಹೆಂಗಸರು ಮಕ್ಕಳೇ ಜಾಸ್ತಿ. ಶವಸಂಸ್ಕಾರದ ವೆಚ್ಚವನ್ನು ಕಾರ್ಖಾನೆ ಹೊತ್ತಿತು. ಹಿಲ್ಸ್ ಸತ್ತವರ ಮನೆಗಳಿಗೆ ಹೋಗಿ ಬಂದ. ಪ್ಲೇಸ್ಟೋದ ಸ್ಮಶಾನದಲ್ಲಿ ಅವರ ನೆನಪಿಗೆ ಲಂಗರಿನ ಆಕೃತಿಯ ಸ್ಮಾರಕವಿದೆ. ತಂಡದ ಪ್ರೇಕ್ಷಕರು ಯಾರು ಎಂಬ ಪ್ರಶ್ನೆಗೆ ಆ ದಿನದ ಜನಸಂದಣಿಯೇ ಉತ್ತರ: ಹಡಗು ಕಟ್ಟಿದವರು ಮತ್ತು ಅವರ ಮನೆಯವರು.

ಹವ್ಯಾಸಿತನದ ಕೊನೆ

1898ರಲ್ಲಿ ಕ್ಲಬ್ ಸದರ್ನ್ ಲೀಗಿನ ಎರಡನೆಯ ದರ್ಜೆ ಸೇರಿ ವೃತ್ತಿಪರವಾಯಿತು. ಹಿಲ್ಸ್‌ಗೆ ಇದು ಮನಸ್ಸಿಲ್ಲದ ಒಪ್ಪಿಗೆ. ಕ್ಲಬ್ಬುಗಳ ಸಮಿತಿಗಳು ಗೆಲುವಿನ ಆತುರದಲ್ಲಿ ಬಾಡಿಗೆಯವರನ್ನು ತಂದು ಪಡೆ ತುಂಬಿಸುತ್ತಿವೆ, ಇದು ಅಪಾಯದ ಹಾದಿ ಎಂಬ ಎಚ್ಚರಿಕೆಯನ್ನು ಅವನು ಗೆಜೆಟ್‌ನಲ್ಲಿ ಬರೆದ. ತಾನು ಕಟ್ಟಿದ್ದು ಕೆಲಸಗಾರರು ಆಡಲಿ ಎಂದು, ಅವರು ನೋಡುತ್ತ ಕೂರಲಿ ಎಂದಲ್ಲ ಎಂಬುದು ಅವನ ನಿಲುವು. ಆ ನಿಲುವಿನಲ್ಲಿ ಹುರುಳಿದೆ. ಆದರೆ ಆಕ್ಸ್‌ಫರ್ಡಿನಲ್ಲಿ ಓದಿದವನಿಗೆ ಹಣವಿಲ್ಲದೆ ಆಡುವುದು ಸುಲಭ. ಆಟದಲ್ಲಿ ಕಾಲು ಮುರಿದರೆ ಮರುದಿನದ ಕೂಲಿ ಹೋಗುವ ಬಾಯ್ಲರ್ ಕೆಲಸದವನಿಗೆ ಆಟಕ್ಕೆ ಕೂಲಿ ಸಿಗುವುದರಲ್ಲಿ ಅನೀತಿ ಕಾಣದು.

ತಂಡ ಆ ಋತುವಿನಲ್ಲೇ ಎರಡನೆಯ ದರ್ಜೆಯ ಚಾಂಪಿಯನ್ ಆಗಿ ಮೇಲೇರಿತು. 1899ರಲ್ಲಿ ಟಾಟನ್‌ಹ್ಯಾಮ್‌ನಿಂದ ಬಿಲ್ ಜಾಯ್ಸ್, ಕೆನ್ನಿ ಮೆಕೇ, ಟಾಮ್ ಬ್ರ್ಯಾಡ್‌ಷಾ ಬಂದರು. ಬೇರೆ ಕಡೆಯಿಂದ ಸಿಡ್ ಕಿಂಗ್ ಬಂದ. ಕಾರ್ಖಾನೆಯ ದ್ವಾರದೊಳಗೆ ಕಾಲಿಡದ ಆಟಗಾರರು ಅದರ ಹೆಸರು ಹೊತ್ತು ಆಡತೊಡಗಿದರು. ಬ್ರ್ಯಾಡ್‌ಷಾ ಇಂಗ್ಲೆಂಡಿಗೆ ಆಡಿದ್ದ ಆಟಗಾರ. ಆ ವರ್ಷದ ಕ್ರಿಸ್‌ಮಸ್ ದಿನವೇ ಕ್ಷಯದಿಂದ ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ. ಅದೇ ಡಿಸೆಂಬರ್ 9ರಂದು ಎಫ್‌ಎ ಕಪ್‌ನಲ್ಲಿ ಮಿಲ್‌ವಾಲ್ ತಂಡ ಇವರನ್ನು 2-1ರಿಂದ ಸೋಲಿಸಿತ್ತು. ಮಿಲ್‌ವಾಲ್ ಕೂಡ ಕಾರ್ಖಾನೆಯ ಕೂಸು, ನದಿಯ ತಿರುವಿನಾಚೆ ಮಾರ್ಟನ್ ಕಂಪನಿಯ ಡಬ್ಬಿ ಆಹಾರದ ಕಾರ್ಖಾನೆಯಲ್ಲಿ 1885ರಲ್ಲಿ ಹುಟ್ಟಿದ್ದು. ಇಂಗ್ಲೆಂಡಿನ ಅತಿ ಕಹಿಯಾದ ಫುಟ್‌ಬಾಲ್ ಹಗೆತನಗಳಲ್ಲೊಂದು ಹೀಗೆ ಎರಡು ಕಾರ್ಖಾನೆಗಳ ನಡುವೆ ಶುರುವಾಯಿತು. ಋತುವಿನ ಕೊನೆಗೆ ಕೆಳದರ್ಜೆಗೆ ಬೀಳುವ ಹೊತ್ತು ಬಂದಾಗ ಫುಲ್‌ಹ್ಯಾಮ್ ತಂಡವನ್ನು 5-1ರಿಂದ ಸೋಲಿಸಿ ಉಳಿದುಕೊಂಡರು.

ತಂಡದ ಅಂಗಿಗೆ ಕೆನ್ನೇರಿಳೆ ಮತ್ತು ತಿಳಿನೀಲಿ ಬಣ್ಣ ಬಂದದ್ದೂ ಈ ಕಾಲದಲ್ಲೇ. ಚಾರ್ಲಿ ಡವ್‌ನ ತಂದೆ ಬಿಲ್ ಡವ್ ಒಳ್ಳೆಯ ಓಟಗಾರ. ಬರ್ಮಿಂಗ್‌ಹ್ಯಾಮ್ ಬಳಿಯ ಜಾತ್ರೆಯಲ್ಲಿ ಆಸ್ಟನ್ ವಿಲ್ಲಾ ಆಟಗಾರರು ಅವನೊಡನೆ ಓಟದ ಪಂತ ಕಟ್ಟಿ ಸೋತು, ಹಣವಿಲ್ಲದೆ ತಮ್ಮ ತಂಡದ ಅಂಗಿಗಳನ್ನೇ ಕೊಟ್ಟರಂತೆ. ಅಭಿಮಾನಿಗಳು ಪ್ರೀತಿಯಿಂದ ಹೇಳಿಕೊಳ್ಳುವ ದಂತಕಥೆ ಇದು.

ಮುರಿದುಬಿದ್ದದ್ದು ಆಟದಿಂದಲ್ಲ, ಬಂಡವಾಳದಿಂದ. 1899ರಲ್ಲಿ ಕಾರ್ಖಾನೆ ಗ್ರೀನಿಚ್‌ನ ಜಾನ್ ಪೆನ್ ಎಂಬ ಹೆಸರಾಂತ ಹಡಗು ಎಂಜಿನ್ ಕಂಪನಿಯನ್ನು ಕೊಂಡಿತು. ಅದಕ್ಕೆ ಹಣ ಎತ್ತಲು ಷೇರುಗಳನ್ನು ಸಾರ್ವಜನಿಕರಿಗೆ ಮಾರಬೇಕಾಯಿತು. ಷೇರುದಾರರ ಹಣವನ್ನು ಫುಟ್‌ಬಾಲಿಗೆ ಸುರಿಯುವ ಸ್ವಾತಂತ್ರ್ಯ ಹಿಲ್ಸ್‌ಗೆ ಇನ್ನಿರಲಿಲ್ಲ. 1900ರ ಜೂನ್‌ನಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಫುಟ್‌ಬಾಲ್ ಕ್ಲಬ್ ವಿಸರ್ಜನೆಯಾಗಿ, ಹತ್ತು ಶಿಲಿಂಗ್ ಮುಖಬೆಲೆಯ ಷೇರುಗಳೊಂದಿಗೆ ವೆಸ್ಟ್ ಹ್ಯಾಮ್ ಯುನೈಟೆಡ್ ಕಂಪನಿ ರೂಪುಗೊಂಡಿತು. ಊರಿನವರು ಕೊಂಡ ಪ್ರತಿ ಷೇರಿಗೆ ಸರಿಯಾಗಿ ತಾನೂ ಒಂದು ಕೊಳ್ಳುವುದಾಗಿ ಹಿಲ್ಸ್ ಮುಂದೆ ಬಂದ. ಹೊಸ ಕ್ಲಬ್ಬಿನ ಕಾರ್ಯದರ್ಶಿ ಲೂ ಬೋವೆನ್ ಕಾರ್ಖಾನೆಯ ಗುಮಾಸ್ತನೇ. ಸೆಪ್ಟೆಂಬರ್ 1ರಂದು ಗ್ರೇವ್ಸೆಂಡ್ ತಂಡವನ್ನು 7-0ರಿಂದ ಸೋಲಿಸಿ ಹೊಸ ಹೆಸರಿನ ಆಟ ಶುರುವಾಯಿತು.

ಕಾರ್ಖಾನೆಯೊಂದಿಗಿನ ನಂಟು ಕಡಿದದ್ದು 1904ರಲ್ಲಿ. ಹಣಕ್ಕೆ ಆಡುವುದು ಹಿಲ್ಸ್‌ಗೆ ಕೊನೆಗೂ ಒಗ್ಗಲಿಲ್ಲ, ಮೆಮೋರಿಯಲ್ ಗ್ರೌಂಡ್ಸ್‌ನಲ್ಲಿ ಮುಂದುವರಿಯುವ ಮಾತು ಮುರಿದುಬಿತ್ತು. ಕಾರ್ಯದರ್ಶಿಯಾಗಿದ್ದ ಸಿಡ್ ಕಿಂಗ್ ಅಪ್ಟನ್ ಪಾರ್ಕಿನ ಬೋಲಿನ್ ಮೈದಾನಕ್ಕೆ ತಂಡವನ್ನು ಕರೆದೊಯ್ದ. ಅಲ್ಲಿ ಪ್ರೇಕ್ಷಕರ ಅಟ್ಟಣೆ ಕಟ್ಟಲು ಸಾಲ ಕೊಟ್ಟದ್ದು ಸ್ಥಳೀಯ ಬಿಯರ್ ತಯಾರಕರು. ಪಾನನಿರೋಧಿಯ ಕನಸಿನಿಂದ ಹುಟ್ಟಿದ ತಂಡ ಅಲ್ಲಿಗೆ ಅವನ ಕೈಬಿಟ್ಟಿತು.

ಮುಂದಿನ ಕಥೆ ಬಹುಜನರಿಗೆ ಗೊತ್ತಿರುವಂಥದು. 1919ರಲ್ಲಿ ಫುಟ್‌ಬಾಲ್ ಲೀಗ್ ಪ್ರವೇಶ, 1923ರಲ್ಲಿ ವೆಂಬ್ಲಿಯ ಮೊಟ್ಟಮೊದಲ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಬೋಲ್ಟನ್ ಎದುರು ಸೋಲು, 1964ರಲ್ಲಿ ಆ ಕಪ್, 1965ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ನಾಯಕ ಬಾಬಿ ಮೂರ್, ಅಂತಿಮ ಪಂದ್ಯದಲ್ಲಿ ಗೋಲು ಹೊಡೆದ ಜೆಫ್ ಹರ್ಸ್ಟ್ ಮತ್ತು ಮಾರ್ಟಿನ್ ಪೀಟರ್ಸ್, ಮೂವರೂ ವೆಸ್ಟ್ ಹ್ಯಾಮ್ ಆಟಗಾರರು.

ಕಾರ್ಖಾನೆ ಅಷ್ಟು ಬಾಳಲಿಲ್ಲ. ಕಲ್ಲಿದ್ದಲು, ಉಕ್ಕು ಎರಡೂ ಅಗ್ಗವಾಗಿದ್ದ ಉತ್ತರದ ಹಡಗುಕಟ್ಟೆಗಳ ಎದುರು ಥೇಮ್ಸ್ ತೀರದ ಬೆಲೆ ನಿಲ್ಲಲಿಲ್ಲ. 1911ರ ಫೆಬ್ರವರಿಯಲ್ಲಿ ನೀರಿಗಿಳಿದ ಥಂಡರರ್ ಅದು ಕಟ್ಟಿದ ಕೊನೆಯ ದೊಡ್ಡ ಹಡಗು. ಸಂಧಿವಾತದಿಂದ ಕೈಕಾಲು ಕಟ್ಟಿಹೋಗಿದ್ದ ಹಿಲ್ಸ್ ಹೊತ್ತು ತರಿಸಿಕೊಂಡು 1912ರ ಜನವರಿಯಲ್ಲಿ ಟ್ರಫಾಲ್ಗರ್ ಚೌಕದ ಸಭೆಯಲ್ಲಿ ತನ್ನ ಕೆಲಸಗಾರರ ಪರವಾಗಿ ಮಾತಾಡಿದ. ಸರ್ಕಾರದಿಂದ ಹೊಸ ಹಡಗಿನ ಕೆಲಸ ಬರಲಿಲ್ಲ. ಆ ವರ್ಷದ ಕೊನೆಗೆ ಕಾರ್ಖಾನೆಯ ಬಾಗಿಲು ಮುಚ್ಚಿತು.

ಇತರ ಕಾರ್ಖಾನೆ ತಂಡಗಳು

ಇಂಗ್ಲೆಂಡಿನ ಹಳೆಯ ಕ್ಲಬ್ಬುಗಳಲ್ಲಿ ಇಂಥ ಹುಟ್ಟು ಅಪರೂಪವಲ್ಲ. ವುಲಿಚ್‌ನ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯ ಕಾರ್ಮಿಕರು 1886ರಲ್ಲಿ ತಾವೇ ಹಣ ಕೂಡಿಸಿ ಕಟ್ಟಿದ ಡಯಲ್ ಸ್ಕ್ವೇರ್ ತಂಡ ಇಂದಿನ ಆರ್ಸೆನಲ್. ನ್ಯೂಟನ್ ಹೀತ್‌ನ ರೈಲ್ವೆ ಬೋಗಿ ಕಾರ್ಖಾನೆಯವರು 1878ರಲ್ಲಿ ಕಟ್ಟಿದ್ದು ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್.

ಕರ್ನಾಟಕದಲ್ಲಿ ಕಾರ್ಖಾನೆ ಫುಟ್‌ಬಾಲಿನ ನೆಲೆ ಬೆಂಗಳೂರು. ದೂರವಾಣಿನಗರದ ಐಟಿಐ ತಂಡ 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು 1-0ರಿಂದ ಸೋಲಿಸಿತು. ಟೆಲಿಫೋನ್ ಕಾರ್ಖಾನೆಯ ತಂಡವೊಂದು ದೇಶದ ಅತಿ ಹೆಸರಾಂತ ಕ್ಲಬ್ಬನ್ನು ಮಣಿಸಿದ ಆ ಗೆಲುವಿಗೆ ಕನ್ನಡ ನಾಡಿನ ಕ್ರೀಡಾ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗ್ ಮಟ್ಟಕ್ಕೇರಿ ಎರಡು ಋತು ಆಡಿತು. ಒಂದು ವ್ಯತ್ಯಾಸ ಗಮನಿಸಬೇಕು: ನಮ್ಮ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ಕೆಲಸ ಕೊಟ್ಟು ನೌಕರನನ್ನಾಗಿ ಮಾಡಿಕೊಂಡವು. ಥೇಮ್ಸ್ ತೀರದಲ್ಲಿ ನೌಕರ ಆಟಗಾರನಾದ. ಇಲ್ಲಿ ಆ ಕೆಲಸವೇ ಎಷ್ಟೋ ಬಡ ಹುಡುಗರ ಮನೆಗೆ ಸಂಬಳ, ಕ್ವಾರ್ಟರ್ಸ್, ಪಿಂಚಣಿ ತಂದಿತು. ಆಟ ನಿಂತ ಮೇಲೂ ಬದುಕು ನಡೆಯಿತು. ಟಾಮ್ ಬ್ರ್ಯಾಡ್‌ಷಾನ ಕಾಲದ ವೃತ್ತಿಪರರಿಗೆ ಆ ಆಸರೆ ಇರಲಿಲ್ಲ.

ಉಳಿದ ಕುರುಹುಗಳು

ಕ್ಯಾನಿಂಗ್ ಟೌನ್ ರೈಲು ನಿಲ್ದಾಣದೊಳಗೆ ಕಾರ್ಖಾನೆಯ ಚರಿತ್ರೆಯನ್ನು ಕಾಂಕ್ರೀಟ್ ಗೋಡೆಯಲ್ಲಿ ಕೊರೆದಿದ್ದಾರೆ. ಬೋಲಿನ್ ಮೈದಾನದಲ್ಲಿ 2016ರ ಮೇ ತಿಂಗಳಲ್ಲಿ ಕೊನೆಯ ಪಂದ್ಯ ನಡೆಯಿತು, ಆ ಜಾಗದಲ್ಲಿ ಈಗ ವಸತಿ ಕಟ್ಟಡಗಳಿವೆ. ಕ್ಲಬ್ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು. ಲಾಂಛನದಿಂದ ಕೋಟೆಯ ಚಿತ್ರವನ್ನು ತೆಗೆದು ಸುತ್ತಿಗೆಗಳನ್ನಷ್ಟೇ ಉಳಿಸಿಕೊಂಡದ್ದೂ ಆಗಲೇ. ಅಭಿಮಾನಿಗಳು ತಂಡವನ್ನು ಹ್ಯಾಮರ್ಸ್ ಎಂದೂ ಕರೆಯುತ್ತಾರೆ, ಐರನ್ಸ್ ಎಂದೂ ಕೂಗುತ್ತಾರೆ. ಹಿಲ್ಸ್ ಕಟ್ಟಿಸಿದ ಮೆಮೋರಿಯಲ್ ಗ್ರೌಂಡ್ಸ್ ಸಾರ್ವಜನಿಕ ಉದ್ಯಾನವಾಗಿ ಉಳಿದಿದೆ. ಅಲ್ಲಿ ಈಗ ಸ್ಥಳೀಯ ಹವ್ಯಾಸಿ ರಗ್ಬಿ ತಂಡವೊಂದು ಶನಿವಾರಗಳಂದು ಆಡುತ್ತದೆ.